‘ವೀಕೆಂಡ್‌ಗೆ ಏನ್ ಪ್ಲಾನ್?’ ಚೀನೀ ಭಾಷೆಯಲ್ಲಿ ಇಷ್ಟು ಕೇಳಲು ನನಗೆ ಒಂಬತ್ತು ತಿಂಗಳು ಬೇಕಾಯಿತು

ಮೊನ್ನೆ ನನ್ನ ಎಚ್‌ಎಸ್‌ಕೆಕೆ ಫಲಿತಾಂಶ ಬಂತು. ಅದು ಚೀನೀ ಮಾತಿನ ಪರೀಕ್ಷೆ, ಕೆಳಗಿನ ಹಂತದ್ದು. ನೂರಕ್ಕೆ 71. ಪಾಸಾಗಲು 60 ಸಾಕು. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ, ‘ಎಸ್‌ಎಸ್‌ಎಲ್‌ಸಿಯಲ್ಲಿ ಇದಕ್ಕಿಂತ ಜಾಸ್ತಿ ತೆಗೆದಿದ್ದೆಯಲ್ಲೋ’ ಅಂದರು. ನಿಜವೇ. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಯಾರೂ ನನ್ನ ಮುಂದೆ ಬೆಳ್ಳುಳ್ಳಿ ತಂದಿಟ್ಟಿರಲಿಲ್ಲ. ಆ ಕಥೆ ಆಮೇಲೆ ಹೇಳುತ್ತೇನೆ.

ನಮ್ಮವರು ಈಗ ಕೆಲಸಕ್ಕೆ ಅಂತ ಚೀನಾದ ಕಡೆ ಬರುತ್ತಲೇ ಇರುತ್ತಾರೆ. ಬರುವ ಮುಂಚೆ ಎಲ್ಲರೂ ‘ನೀರು ಕೊಡಿ’, ‘ಬೆಲೆ ಎಷ್ಟು’, ‘ಮಾಂಸ ಬೇಡ’ ಕಲಿತಿರುತ್ತಾರೆ. ನಾನೂ ಕಲಿತಿದ್ದೆ. ಅಂಗಡಿ, ಹೋಟೆಲು, ಟ್ಯಾಕ್ಸಿಗೆ ಅಷ್ಟು ಸಾಕು. ಆದರೆ ಪಕ್ಕದಲ್ಲಿ ಕೂತವರ ಜೊತೆ ಸುಮ್ನೆ ಎರಡು ಮಾತಾಡಲು ಅದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ಒಂದೇ ಪ್ರಶ್ನೆ: ಶನಿವಾರ ಭಾನುವಾರ ಏನು ಮಾಡುತ್ತೀರಿ?

ನಾನು ಸೂಜೌಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಶಾಂಘೈಯಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ. ಊರು ಚೆನ್ನಾಗಿದೆ, ಕಾಲುವೆಗಳು, ಹಳೇ ತೋಟಗಳು, ಈ ಕಡೆ ಚಿನ್‌ಚೀ ಕೆರೆ, ಅದರ ಸುತ್ತ ಎತ್ತರದ ಕಟ್ಟಡಗಳು. ನಮ್ಮ ಫ್ಯಾಕ್ಟರಿಯಲ್ಲಿ ಇಂಗ್ಲಿಷ್ ಬರುವವರು ಮೂರು ಜನ, ಅವರೂ ಮೀಟಿಂಗ್‌ನಲ್ಲಿ ಮಾತ್ರ. ಮಧ್ಯಾಹ್ನದ ಊಟಕ್ಕೆ ನಾನು, ನನ್ನ ತಟ್ಟೆ, ನನ್ನ ಮೊಬೈಲು. ಆರು ವಾರ ಹೀಗೇ ಕಳೆಯಿತು. ತಿಪಟೂರಿನಲ್ಲಿ ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಅಂತ ತಿಳಿದುಕೊಳ್ಳುವ ಜನ ನಾವು. ಮಾತಿಲ್ಲದೆ ಊಟ ಇಳಿಯುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಟ್ಯೂಷನ್‌ಗೆ ಸೇರಿದೆ. ಗಂಟೆಗೆ 150 ಯುವಾನ್, ವಾರಕ್ಕೆ ಒಂದು ದಿನ. ಆಗ ಒಂದು ಯುವಾನ್ ಅಂದರೆ ಸುಮಾರು ಹನ್ನೆರಡು ರೂಪಾಯಿ, ನೀವೇ ಲೆಕ್ಕ ಹಾಕಿ. ದುಬಾರಿ ಅನ್ನಿಸಿತು. ಒಟ್ಟು 24 ತರಗತಿಗೆ 3,600 ಯುವಾನ್ ಆಯಿತು. ಈಗ ಹಿಂದಿರುಗಿ ನೋಡಿದರೆ, ಮೊದಲ ನಾಲ್ಕು ತರಗತಿಯಲ್ಲಿ ಕಲಿತದ್ದನ್ನು ಯಾರಾದರೂ ಕನ್ನಡದಲ್ಲಿ ಮೊದಲೇ ಹೇಳಿದ್ದರೆ ಆ 600 ಉಳಿಯುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪಾಠದಲ್ಲಿ ನಮ್ಮ ಲಾವ್‌ಷ್ ಬರೆದುಕೊಟ್ಟ ವಾಕ್ಯ ಇದು: ಚೌಮೋ ನಿ ತಾಸ್ವಾನ್ ತ್ಸ್ವೋ ಷನ್ಮ? (ಇಲ್ಲಿ ಟೀಚರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಲಾವ್‌ಷ್ ಅಂದರೆ ನಮ್ಮ ಮೇಡಂ, ಮೇಷ್ಟ್ರು ಇದ್ದ ಹಾಗೆ.) ಚೌಮೋ ವಾರದ ಕೊನೆ, ನಿ ನೀನು, ತಾಸ್ವಾನ್ ಅಂದುಕೊಂಡಿರುವುದು, ತ್ಸ್ವೋ ಮಾಡುವುದು, ಷನ್ಮ ಏನು. ಯಾವಾಗ ಅನ್ನುವುದು ನಮ್ಮಲ್ಲಿ ಇದ್ದ ಹಾಗೆ ಮುಂದೆಯೇ ಬರುತ್ತದೆ. ಇಂಗ್ಲಿಷ್‌ನಲ್ಲಿ ಯೋಚಿಸುವವರು ಅದನ್ನು ಕೊನೆಗೆ ತಳ್ಳಿ ತಪ್ಪು ಮಾಡುತ್ತಾರೆ, ಕನ್ನಡದಲ್ಲಿ ಯೋಚಿಸಿದರೆ ಆ ತಪ್ಪು ಆಗುವುದೇ ಇಲ್ಲ. ‘ಏನು’ ಕೂಡ ಎದ್ದು ವಾಕ್ಯದ ತಲೆಗೆ ಹೋಗುವುದಿಲ್ಲ. ಒಂದೇ ವ್ಯತ್ಯಾಸ, ನಾವು ‘ಏನು ಮಾಡ್ತೀಯ’ ಅನ್ನುತ್ತೇವೆ, ಅವರು ‘ಮಾಡ್ತೀಯ ಏನು’ ಅನ್ನುತ್ತಾರೆ. ಹೌದು ಇಲ್ಲ ಅನ್ನುವ ಪ್ರಶ್ನೆಗೆ ಕೊನೆಯಲ್ಲಿ ‘ಮಾ’ ಹಾಕಬೇಕು, ನಾವು ‘ಫ್ರೀನಾ’ ಅಂತ ‘ಆ’ ಹಾಕುವ ಹಾಗೆ. ಆದರೆ ‘ಷನ್ಮ’ ಇದ್ದಾಗ ‘ಮಾ’ ಬೇಡ. ನಾನು ಒಂದು ತಿಂಗಳು ಎರಡನ್ನೂ ಹಾಕುತ್ತಿದ್ದೆ.

ಉಚ್ಚಾರಣೆ ಬಗ್ಗೆ ಇದೊಂದು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಚೀನೀ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಇಂಗ್ಲಿಷಿನಂತೆ ಓದಬೇಡಿ. ಅಲ್ಲಿ ‘ಡಿ’ ಅಂತ ಕಾಣುವುದು ನಮ್ಮ ‘ತ’, ‘ಟಿ’ ಅಂತ ಕಾಣುವುದು ‘ಥ’. ‘ಬಿ’ ಅಂದರೆ ‘ಪ’, ‘ಪಿ’ ಅಂದರೆ ‘ಫ’, ಫಲದ ಫ, ಫ್ಯಾನಿನದ್ದಲ್ಲ. ‘ಜಿ’ ಅಂದರೆ ‘ಕ’, ‘ಕೆ’ ಅಂದರೆ ‘ಖ’. ಅಲ್ಪಪ್ರಾಣ ಮಹಾಪ್ರಾಣ, ಅಷ್ಟೇ ಕಥೆ! ನನಗೆ ಇದು ಹೊಳೆದದ್ದು ಎರಡು ತಿಂಗಳ ಮೇಲೆ, ಮೆಟ್ರೋದಲ್ಲಿ ಕೂತು ಘೋಷಣೆ ಕೇಳುತ್ತಿದ್ದಾಗ. ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರು ‘ಬಾರತ ಅಲ್ಲ ಕಣೋ, ಭಾರತ’ ಅಂತ ಬೆತ್ತ ಆಡಿಸುತ್ತಿದ್ದರು, ಶಂಕರನ ‘ಶ’ಕ್ಕೂ ಷಣ್ಮುಖನ ‘ಷ’ಕ್ಕೂ ನಾಲಿಗೆ ಬೇರೆ ಕಡೆ ಹೋಗಬೇಕು ಅನ್ನುತ್ತಿದ್ದರು. ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ. ಚೀನೀಯಲ್ಲಿ ಆ ಎರಡೂ ಬೇರೆ ಬೇರೆ ಇವೆ.

ಸ್ವರಗಳದ್ದು ಮಾತ್ರ ನಮ್ಮ ಶಾಲೆಯಲ್ಲಿ ಕಲಿಸಿಲ್ಲ. ಸ್ವರ ಅಂದರೆ ಇಲ್ಲಿ ಅ ಆ ಇ ಈ ಅಲ್ಲ, ದನಿಯ ಏರಿಳಿತ. ಅದು ಬದಲಾದರೆ ಪದದ ಅರ್ಥವೇ ಬದಲು. ನಾಲ್ಕು ಇವೆ. ಮೊದಲನೆಯದು ಡಾಕ್ಟರ ಮುಂದೆ ಬಾಯಿ ತೆರೆದು ‘ಆ...’ ಅಂದಂತೆ, ಎತ್ತರದಲ್ಲೇ ಇರಬೇಕು. ಎರಡನೆಯದು ಸರಿಯಾಗಿ ಕೇಳಿಸದಿದ್ದಾಗ ‘ಹಾಂ?’ ಅಂತೀವಲ್ಲ, ಹಾಗೆ ಮೇಲಕ್ಕೆ. ಮೂರನೆಯದು ಮನಸ್ಸಿಲ್ಲದ ‘ಹೂಂ...’, ಕೆಳಗೆ. ನಾಲ್ಕನೆಯದು ನಾಯಿ ಓಡಿಸುವಾಗಿನ ‘ಹೋಗ್!’, ಮೇಲಿಂದ ಧಡ್ ಅಂತ ಬೀಳಬೇಕು.

ಈಗ ಬೆಳ್ಳುಳ್ಳಿ.

ನಮ್ಮ ಲೈನಿನಲ್ಲಿ ಒಬ್ಬರು ಹಿರಿಯ ಕೆಲಸಗಾರರಿದ್ದಾರೆ. ಎಲ್ಲರೂ ಅವರನ್ನು ಷಿಫು ಅನ್ನುತ್ತಾರೆ, ಕೆಲಸ ಬಲ್ಲ ಹಿರಿಯರಿಗೆ ಕೊಡುವ ಮರ್ಯಾದೆ ಅದು. ಶಾಂಡಾಂಗ್ ಕಡೆಯವರು. ಅಲ್ಲಿನವರಿಗೆ ನೂಡಲ್ಸ್ ಜೊತೆ ಹಸಿ ಬೆಳ್ಳುಳ್ಳಿ ಕಚ್ಚಿಕೊಳ್ಳದಿದ್ದರೆ ಊಟವೇ ಅಲ್ಲ, ನಮಗೆ ಮುದ್ದೆಗೆ ಹಸಿ ಈರುಳ್ಳಿ ಇದ್ದ ಹಾಗೆ. ಜೇಬಿನಲ್ಲೇ ಎರಡು ಮೂರು ಎಸಳು ಇಟ್ಟುಕೊಂಡಿರುತ್ತಾರೆ. ಮೇ ತಿಂಗಳ ಒಂದು ಶುಕ್ರವಾರ ಧೈರ್ಯ ಮಾಡಿ ಅವರ ಎದುರು ಕೂತೆ. ಬೆಳಗ್ಗೆಯಿಂದ ಬಚ್ಚಲಲ್ಲಿ, ಲಿಫ್ಟಿನಲ್ಲಿ ಹೇಳಿಕೊಂಡಿದ್ದ ವಾಕ್ಯ. ‘ಚೌಮೋ ನಿ ತಾಸ್ವಾನ್...’ ಅಂದೆ. ಮುಂದಿನದು ಗಂಟಲಲ್ಲೇ ನಿಂತಿತು.

ಷಿಫು ಒಂದು ಕ್ಷಣ ನೋಡಿದರು. ಜೇಬಿಗೆ ಕೈ ಹಾಕಿದರು. ಒಂದು ಎಸಳು ತೆಗೆದು, ಹೆಬ್ಬೆರಳಿನ ಉಗುರಿನಿಂದ ನಿಧಾನವಾಗಿ ಸಿಪ್ಪೆ ಬಿಡಿಸಿ, ನನ್ನ ತಟ್ಟೆಯ ಅಂಚಿಗೆ ಇಟ್ಟರು. ‘ತಿನ್ನು’ ಅಂತ ಕೈಸನ್ನೆ.

ತಿಂದೆ. ಇನ್ನೇನು ಮಾಡಲಿ? ಸಂಜೆ ಲಾವ್‌ಷ್‌ಗೆ ಹೇಳಿದರೆ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಅಂದುಕೊಂಡಿರುವುದು ಅನ್ನುವ ‘ತಾಸ್ವಾನ್‌’ನಲ್ಲಿ ‘ತಾ’ ಮೂರನೇ ಸ್ವರ, ಕೆಳಗೆ ಇರಬೇಕು. ನಾನು ಗಾಬರಿಯಲ್ಲಿ ‘ಹೋಗ್!’ ಅನ್ನುವಂತೆ ಹೇಳಿದ್ದೆ, ನಾಲ್ಕನೇ ಸ್ವರ. ಆ ‘ತಾಸ್ವಾನ್’ ಅಂದರೆ ಬೆಳ್ಳುಳ್ಳಿ. ಜೊತೆಗೆ ಇನ್ನೊಂದು ಸೂಕ್ಷ್ಮ: ‘ನಿ’ ಕೂಡ ಮೂರನೇ ಸ್ವರ. ಎರಡು ಮೂರನೇ ಸ್ವರ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಸ್ವರ ಆಗುತ್ತದೆ. ಅಂದರೆ ‘ನಿ’ ಮೇಲಕ್ಕೆ, ‘ತಾ’ ಕೆಳಕ್ಕೆ, ‘ಸ್ವಾನ್’ ಧಡ್. ಇದನ್ನು ಕೈಯಲ್ಲಿ ಗಾಳಿಯಲ್ಲಿ ಬರೆಯುತ್ತಾ ಕಲಿಯಿರಿ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಮಾತು ಸರಿಯಾದ ಮೇಲೆ ಇನ್ನೊಂದು ಎಡವಟ್ಟು. ನನ್ನ ಕೈಕೆಳಗೆ ಒಬ್ಬ ಹುಡುಗ ಕೆಲಸ ಮಾಡುತ್ತಾನೆ, ಕಾಲೇಜು ಮುಗಿಸಿ ಬಂದವನು. ಅವನನ್ನು ಒಂದು ಗುರುವಾರ ಕೇಳಿದೆ, ‘ಚೌಮೋ ನಿ ಯೌ ಖುಂಗ್ ಮಾ?’ ವೀಕೆಂಡ್ ಫ್ರೀನಾ ಅಂತ. ಸ್ವರ ಎಲ್ಲ ಸರಿಯಾಗಿತ್ತು. ಹುಡುಗನ ಮುಖ ಇಳಿದುಹೋಯಿತು. ‘ಚ್ಯಾಪಾನ್?’ ಅಂದ. ಓವರ್‌ಟೈಮಾ ಅಂತ. ನಾನು ಇಲ್ಲ ಇಲ್ಲ ಅಂದರೂ ಅವನಿಗೆ ನಂಬಿಕೆ ಬರಲಿಲ್ಲ, ಸಂಜೆ ತನಕ ನನ್ನ ಕಡೆ ಕಳ್ಳನೋಟ ನೋಡುತ್ತಿದ್ದ.

ಯೋಚಿಸಿದರೆ ನಮ್ಮಲ್ಲೂ ಹಾಗೇ ಅಲ್ವಾ. ಸೋದರಮಾವ ಫೋನ್ ಮಾಡಿ ‘ಭಾನುವಾರ ಮನೇಲೇ ಇರ್ತೀಯೇನೋ?’ ಅಂದರೆ, ಬೀರು ಸಾಗಿಸುವುದಿದೆ ಅಂತ ತಕ್ಷಣ ಗೊತ್ತಾಗುತ್ತದೆ. ‘ಫ್ರೀನಾ’ ಅಂತ ಕೇಳಿದರೆ ಮುಂದೆ ಏನೋ ಕೆಲಸವೋ ಆಹ್ವಾನವೋ ಇದೆ ಅಂತ ಅರ್ಥ. ಸುಮ್ನೆ ಮಾತಿಗೆ ಕೇಳುವುದಾದರೆ ‘ಚೌಮೋ ಯೌ ಷನ್ಮ ಆನ್‌ಫಾಯ್?’ ಅನ್ನಿ. ಏನಾದರೂ ಕಾರ್ಯಕ್ರಮ ಹಾಕಿಕೊಂಡಿದ್ದೀರಾ ಅನ್ನುವ ಹಾಗೆ, ಯಾರಿಗೆ ಕೇಳಿದರೂ ತೊಂದರೆಯಿಲ್ಲ. ಓರಗೆಯವರ ಹತ್ತಿರ ‘ಚೌಮೋ ಕಾನ್ ಮಾ?’ ಸಾಕು, ವೀಕೆಂಡ್ ಏನ್ ಮಾಡ್ತೀಯ ಅಂತ (ಈ ‘ಮಾ’ ಅಂದರೆ ಏನು, ಹೌದು ಇಲ್ಲ ಪ್ರಶ್ನೆಯ ‘ಮಾ’ ಅಲ್ಲ). ಬಾಸ್ ಹತ್ತಿರ ಅದು ಬೇಡ.

ಇನ್ನು ವೀಕೆಂಡ್ ಅನ್ನುವುದೇ ಯಾವಾಗ ಅನ್ನುವ ಪ್ರಶ್ನೆ! ಏಪ್ರಿಲ್ 25ರ ಶುಕ್ರವಾರ ರಿಸೆಪ್ಷನ್‌ನಲ್ಲಿ ಕೂರುವ ಹೆಣ್ಣುಮಗಳಿಗೆ ‘ಚೌಮೋ ಯೂಖ್ವಾಯ್’, ವೀಕೆಂಡ್ ಚೆನ್ನಾಗಿರಲಿ ಅಂದಿದ್ದೆ. ಅವಳು ‘ನಾಡಿದ್ದು ಸಿಗೋಣ’ ಅಂದಳು. ತಮಾಷೆ ಅಂದುಕೊಂಡೆ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಫೋನ್ ಬಂತು, ಎಲ್ಲಿದ್ದೀರಿ ಅಂತ. ಮೇ 1ರಿಂದ 5ರವರೆಗೆ ಕಾರ್ಮಿಕರ ದಿನದ ರಜೆ, ಅದಕ್ಕೆ ಬದಲಾಗಿ ಏಪ್ರಿಲ್ 27ರ ಭಾನುವಾರ ಇಡೀ ದೇಶಕ್ಕೆ ಕೆಲಸದ ದಿನ. ಇದಕ್ಕೆ ಥ್ಯಾವ್‌ಶ್ಯೌ ಅನ್ನುತ್ತಾರೆ. ಅಕ್ಟೋಬರ್‌ನಲ್ಲೂ ಇದೇ. ಎಂಟು ದಿನ ರಜೆ ಕೊಟ್ಟರು, ಸೆಪ್ಟೆಂಬರ್ 28ರ ಭಾನುವಾರ, ಅಕ್ಟೋಬರ್ 11ರ ಶನಿವಾರ ಕಿತ್ತುಕೊಂಡರು. ವರ್ಷದ ಪಟ್ಟಿಯನ್ನು ಸರ್ಕಾರ ಮುಂಚೆಯೇ ಪ್ರಕಟಿಸುತ್ತದೆ, ಬಂದ ದಿನವೇ ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಷಿಫು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರು ಕೆಲಸಕ್ಕೆ ಸೇರಿದಾಗ ವಾರಕ್ಕೆ ಒಂದೇ ರಜೆ ಇತ್ತಂತೆ. ಶನಿವಾರ, ಭಾನುವಾರ ಎರಡೂ ರಜೆ ಆದದ್ದು 1995ರ ಮೇ 1ರಿಂದ. ‘ನಿಮಗೆಲ್ಲ ಶನಿವಾರ ಹುಟ್ಟಿನಿಂದ ಬಂದದ್ದು’ ಅಂತ ಹುಡುಗರನ್ನು ರೇಗಿಸುತ್ತಾರೆ.

ಕೇಳುವುದು ಒಂದು ಮಟ್ಟಕ್ಕೆ ಬಂತು. ಉತ್ತರ ಅರ್ಥ ಆಗುವುದು? ಅಲ್ಲಿ ಯಾವ ಪುಸ್ತಕವೂ ಕೈ ಹಿಡಿಯಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಸಿನಿಮಾಕ್ಕೆ ಹೋಗುತ್ತಾರೆ, ಬೆಟ್ಟ ಹತ್ತುತ್ತಾರೆ. ನಿಜವಾದ ಜನ ‘ಷ್ವೇ ಲಾನ್‌ಚ್ಯಾವ್’ ಅನ್ನುತ್ತಾರೆ, ಬಿಸಿಲೇರುವ ತನಕ ಮಲಗುವುದು. ಮಕ್ಕಳಿರುವವರು ‘ಫೇ ಹಾಯ್‌ತ್ಸ’, ಮಗು ಜೊತೆ ಇರುವುದು, ಅಂದರೆ ಡ್ರಾಯಿಂಗ್ ಕ್ಲಾಸಿನ ಬಾಗಿಲಲ್ಲಿ ಕಾಯುವುದು. ಇನ್ನು ಕೆಲವು ಉತ್ತರಗಳು ಉತ್ತರವೇ ಅಲ್ಲ. ‘ಖಾನ್ ಛಿಂಗ್‌ಖ್ವಾಂಗ್’, ಪರಿಸ್ಥಿತಿ ನೋಡೋಣ. ‘ತಾವ್ ಷ್‌ಹೌ ತ್ಸಾಯ್ ಷ್ವೋ’, ಆಗ ನೋಡಿಕೊಂಡರಾಯಿತು. ‘ಕಾಯ್‌ಥ್ಯೆನ್’, ಇನ್ನೊಂದು ದಿನ. ನಮ್ಮಲ್ಲಿ ‘ನೋಡೋಣ, ಬರೋಣ’ ಅಂದವರು ಬರುತ್ತಾರೆಯೇ? ಇದೂ ಅಷ್ಟೇ. ‘ಕಾಯ್‌ಥ್ಯೆನ್’ ಅಂದವರಿಗೆ ಯಾವ ದಿನ ಅಂತ ಡೈರಿ ತೆಗೆದು ಕೇಳಬೇಡಿ. ನಾನು ಕೇಳಿದ್ದೇನೆ.

ಮೇ ಕೊನೆಯಲ್ಲಿ ಅಕೌಂಟ್ಸ್ ವಿಭಾಗದ ಒಬ್ಬಾಕೆಯನ್ನು ಕೇಳಿದಾಗ ಏನೋ ‘ಫೀಫಾ’ ಅಂದರು. ಫೀಫಾ ಅಂದರೆ ನಾಲ್ಕು ತಂತಿಯ ವಾದ್ಯ, ಇಲ್ಲಿನ ಫಿಂಗ್‌ಥಾನ್ ಕಥೆ ಹಾಡುವವರು ಮಡಿಲಲ್ಲಿಟ್ಟು ನುಡಿಸುತ್ತಾರೆ. ಫಿಂಗ್‌ಚ್ಯಾಂಗ್ ರಸ್ತೆಯ ಚಹಾದಂಗಡಿಯಲ್ಲಿ ಕೇಳಿದ್ದೆ. ಅಬ್ಬಾ, ಕಲಾವಿದೆ ಅಂದುಕೊಂಡು, ಎಷ್ಟು ವರ್ಷದಿಂದ ಅಂತ ಕೇಳಿದೆ. ಆಕೆ ಚಿಕ್ಕಂದಿನಿಂದ ಅಂದರು. ಎಷ್ಟು ಹೊತ್ತು ಅಂದೆ. ಮಧ್ಯಾಹ್ನದ ತನಕ, ಮರ ಹತ್ತಬೇಕಲ್ಲ ಅಂದರು. ಆಗ ಅನುಮಾನ ಬಂತು. ಫೋನಿನಲ್ಲಿ ಚಿತ್ರ ತೋರಿಸಿದರು: ಹಳದಿ ಗೊಂಚಲು, ನಮ್ಮ ಲಕ್ಕೋಟೆ ಹಣ್ಣು! ಅದೂ ಫೀಫಾ. ಥಾಯ್‌ಹೂ ಸರೋವರದ ದಂಡೆಯ ತೊಂಗ್‌ಷಾನ್‌ನಲ್ಲಿ ಅವರ ತವರಿನ ತೋಟವಂತೆ. ಸೋಮವಾರ ನನ್ನ ಮೇಜಿನ ಮೇಲೆ ಒಂದು ಪುಟ್ಟ ಬುಟ್ಟಿ ಇತ್ತು. ವಾದ್ಯ ಅಂದುಕೊಂಡೆ ಅಂತ ಇವತ್ತಿಗೂ ಅವರಿಗೆ ಹೇಳಿಲ್ಲ.

ಇನ್ನೊಂದು ಹಳ್ಳ ಇದೆ, ಅದರಲ್ಲಿ ಎಲ್ಲರೂ ಬೀಳುತ್ತಾರೆ. ನೀವು ಕೇಳಿ, ಅವರು ಉತ್ತರ ಕೊಟ್ಟು, ‘ನಿ ನ?’ ಅನ್ನುತ್ತಾರೆ. ನೀನು? ನಾನು ಪ್ರಶ್ನೆ ಮಾತ್ರ ಬಾಯಿಪಾಠ ಮಾಡಿದ್ದೆ. ನಿಮ್ಮ ಉತ್ತರ ಮೊದಲು ಸಿದ್ಧ ಮಾಡಿಕೊಳ್ಳಿ, ಬಟ್ಟೆ ಒಗೆಯುವುದಾದರೂ ಸರಿ. ‘ಮೇ ಷನ್ಮ ಆನ್‌ಫಾಯ್’, ಏನೂ ಇಲ್ಲ ಅನ್ನುವುದು ಸುಲಭ. ಆದರೆ ಅದು ಬಾಗಿಲು ತೆಗೆದಿಟ್ಟ ಹಾಗೆ ಅಂತ ಲಾವ್‌ಷ್ ಎಚ್ಚರಿಸಿದ್ದರು, ಎದುರಿನವರು ತಕ್ಷಣ ಕರೆಯುತ್ತಾರೆ.

ಪರೀಕ್ಷೆಗೆ ಯಾಕೆ ಕಟ್ಟಿದೆ ಅಂದರೆ, ಸರ್ಟಿಫಿಕೇಟ್ ತಂದರೆ ಟ್ಯೂಷನ್ ದುಡ್ಡು ವಾಪಸ್ ಅಂತ ಆಫೀಸಿನಲ್ಲಿ ಹೇಳಿದರು. ಎಚ್‌ಎಸ್‌ಕೆ (ಚೀನೀ ಕೇಳುವ, ಓದುವ, ಬರೆಯುವ ಪರೀಕ್ಷೆ) ಮೂರನೇ ಹಂತ 350, ಮಾತಿನ ಪರೀಕ್ಷೆ 200, ಒಟ್ಟು 550 ಯುವಾನ್ ಕಟ್ಟಿದೆ. ನೋಂದಣಿಗೆ ಪಾಸ್‌ಪೋರ್ಟ್, ಒಂದು ಫೋಟೋ ಸಾಕು. ನನಗೆ ಅದೇ ಕುತ್ತಾಯಿತು. ನಮ್ಮ ಕಡೆ ಬಹಳ ಜನರ ಹಾಗೆ ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಫಾರ್ಮ್‌ನಲ್ಲಿ ಸರ್‌ನೇಮ್ ತುಂಬದೆ ಮುಂದೆ ಹೋಗುವುದೇ ಇಲ್ಲ. ಚೀನಾದಲ್ಲಿ ಬಹುತೇಕ ಎಲ್ಲರಿಗೂ ಮನೆತನದ ಹೆಸರು ಇದ್ದೇ ಇರುತ್ತದಲ್ಲ! ಪರೀಕ್ಷಾ ಕೇಂದ್ರಕ್ಕೆ ಬರೆದೆ, ಐದು ದಿನ ಉತ್ತರವಿಲ್ಲ. ಕೊನೆಗೆ ಪಾಸ್‌ಪೋರ್ಟ್ ಹಿಡಿದುಕೊಂಡು ನೇರ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಎರಡು ಸಲ ತಿರುಗಿಸಿ ನೋಡಿ, ಹೆಸರನ್ನು ಹೇಗೆ ಒಡೆದು ಹಾಕಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಳು. ನಿಮ್ಮದೂ ಇಂಥ ಪಾಸ್‌ಪೋರ್ಟ್ ಆಗಿದ್ದರೆ ಕೊನೆಯ ದಿನದವರೆಗೆ ಕಾಯಬೇಡಿ, ಕೇಂದ್ರದವರನ್ನು ಮೊದಲೇ ಕೇಳಿ. ಇನ್ನೊಂದು, ಕಂಪ್ಯೂಟರ್ ಪರೀಕ್ಷೆಯನ್ನೇ ಆರಿಸಿಕೊಳ್ಳಿ. ಚೀನೀ ಅಕ್ಷರ ಕೈಯಲ್ಲಿ ಬರೆಯುವ ಕಷ್ಟ ತಪ್ಪುತ್ತದೆ, ಟೈಪ್ ಮಾಡಿದರಾಯಿತು.

ಪರೀಕ್ಷೆ ನವೆಂಬರ್‌ನಲ್ಲಿ. ಅರ್ಧ ಗಂಟೆ ಮುಂಚೆ ಹೋದೆ. ಪ್ರವೇಶ ಪತ್ರ, ಪಾಸ್‌ಪೋರ್ಟ್ ನೋಡಿದರು, ಫೋನು ಬ್ಯಾಗು ಹೊರಗಿಡಿಸಿದರು. ಎಚ್‌ಎಸ್‌ಕೆ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಂಬತ್ತು ಪ್ರಶ್ನೆ, 300ಕ್ಕೆ 180 ಬಂದರೆ ಪಾಸು. ಮಾತಿನ ಪರೀಕ್ಷೆಯೇ ವಿಚಿತ್ರ. ಒಂದೇ ಕೋಣೆ, ಎಲ್ಲರಿಗೂ ಹೆಡ್‌ಫೋನು, ಎಲ್ಲರೂ ಒಟ್ಟಿಗೆ ಕಂಪ್ಯೂಟರಿಗೆ ಮಾತಾಡಬೇಕು. ಸಂತೆಯೇ ಸರಿ. ಮೊದಲು ಹೆಸರೇನು, ಯಾವ ದೇಶ, ನಿಮ್ಮ ಪರೀಕ್ಷೆಯ ನಂಬರ್ ಎಷ್ಟು ಅಂತ ಕೇಳುತ್ತದೆ. ನಂಬರ್ ಹೇಳುವಾಗಲೇ ನಾನು ತಡವರಿಸಿದೆ, ಅದನ್ನೂ ಅಭ್ಯಾಸ ಮಾಡಿಕೊಂಡು ಹೋಗಿ. ಆಮೇಲೆ ಹದಿನೈದು ವಾಕ್ಯ ಕೇಳಿ ಹಾಗೇ ಹೇಳುವುದು, ಹತ್ತು ಪ್ರಶ್ನೆಗೆ ಚುಟುಕು ಉತ್ತರ. ಪಕ್ಕದವನ ದನಿ ಎಷ್ಟು ಜೋರಿತ್ತೆಂದರೆ ಒಂದು ಕಡೆ ನಾನು ಅವನ ವಾಕ್ಯವನ್ನೇ ಹೇಳಿಬಿಟ್ಟೆ.

ಕೊನೆಗೆ ಎರಡು ದೊಡ್ಡ ಪ್ರಶ್ನೆ, ತಯಾರಿಗೆ ಏಳು ನಿಮಿಷ, ಒಂದೊಂದಕ್ಕೆ ಒಂದೂವರೆ ನಿಮಿಷ ಮಾತಾಡಬೇಕು. ಪರದೆಯ ಮೇಲೆ ಎರಡನೆಯದು ಬಂತು. ವೀಕೆಂಡ್‌ನಲ್ಲಿ ನೀನು ಸಾಮಾನ್ಯವಾಗಿ ಏನು ಮಾಡುತ್ತೀಯ? ಪರೀಕ್ಷೆಯ ಕೋಣೆಯಲ್ಲಿ ನಾನೊಬ್ಬನೇ ನಕ್ಕಿರಬೇಕು. ಬಟ್ಟೆ ಒಗೆಯುವುದರಿಂದ ಶುರು ಮಾಡಿದೆ, ಲಕ್ಕೋಟೆ ಹಣ್ಣಿಗೆ ಹೋದೆ, ಥ್ಯಾವ್‌ಶ್ಯೌ ಬಂದರೆ ಬೇಜಾರು ಅಂದೆ. ಸಮಯ ಮುಗಿದರೂ ಬಾಯಿ ಮುಗಿದಿರಲಿಲ್ಲ.

ಎರಡು ವಾರದಲ್ಲಿ ಫಲಿತಾಂಶ. ಆಫೀಸಿನಿಂದ ದುಡ್ಡು ಇನ್ನೂ ಬಂದಿಲ್ಲ, ಆ ಫಾರ್ಮ್‌ನಲ್ಲೂ ಸರ್‌ನೇಮ್ ಕೇಳುತ್ತಿದ್ದಾರೆ.

ನಿನ್ನೆ ಶುಕ್ರವಾರ. ಊಟಕ್ಕೆ ಷಿಫು ಎದುರೇ ಕೂತು ಕೇಳಿದೆ, ‘ಚೌಮೋ ಯೌ ಷನ್ಮ ಆನ್‌ಫಾಯ್?’ ‘ತ್ಯಾವ್‌ಯೂ’ ಅಂದರು, ಮೀನು ಹಿಡಿಯುವುದು. ‘ನಿ ನ?’ ಬಟ್ಟೆ ಒಗೆಯುವ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಆದರೂ ‘ಮೇ ಷನ್ಮ ಆನ್‌ಫಾಯ್’ ಅಂದೆ, ಬೇಕಂತಲೇ. ಷಿಫು ತಲೆಯಾಡಿಸಿದರು. ಭಾನುವಾರ ಬೆಳಗ್ಗೆ ಐದೂವರೆಗೆ ಗೇಟಿನ ಹತ್ತಿರ ಬಾ, ದಪ್ಪ ಕೋಟು ಹಾಕಿಕೋ, ಗಾಳ ನನ್ನ ಹತ್ತಿರ ಎರಡಿದೆ. ನಾನೇನು ತರಲಿ ಅಂತ ಕೇಳಿದೆ.

‘ತಾಸ್ವಾನ್’ ಅಂದರು. ಈ ಸಲ ನಾಲ್ಕನೇ ಸ್ವರವೇ.